ಅಕ್ಕನ ಟೈಟಾನಿಯಂ ಸೈಕಲ್ಲು

ಅಕ್ಕನ ಬಲಗಾಲು ಚಿಕ್ಕಂದಿನಲ್ಲೇ ಪೋಲಿಯೋದಿಂದ ಸೊರಗಿಹೋಗಿತ್ತು. ಊರುಗೋಲು ಹಿಡಿದು ನಡೆಯುತ್ತಿದ್ದಳು. ಚನ್ನರಾಯಪಟ್ಟಣದ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡ್ ತಲುಪುವಷ್ಟರಲ್ಲಿ ಅವಳ ಕಂಕುಳು ಉಜ್ಜಿ ಕೆಂಪಾಗಿರುತ್ತಿತ್ತು. ಅಪ್ಪನ ಸೈಕಲ್ಲನ್ನು ಹಠ ಹಿಡಿದು ಹಿತ್ತಲಲ್ಲೇ ಕಲಿತಿದ್ದಳು. ಕೂರಿಸಿ ತಳ್ಳಿದರೆ ಓಡಿಸುತ್ತಿದ್ದಳು. ಆದರೆ ಹತ್ತುವುದಕ್ಕೆ, ಇಳಿಯುವುದಕ್ಕೆ, ಬಿದ್ದರೆ ಎತ್ತುವುದಕ್ಕೆ ಇನ್ನೊಬ್ಬರು ಬೇಕಿತ್ತು. ಅಷ್ಟು ಭಾರದ ಕಬ್ಬಿಣ ಅದು. ಆ ಇನ್ನೊಬ್ಬಳು ತಂಗಿಯಾದ ನಾನೇ.

ತೊಂಬತ್ತರ ದಶಕದ ಕೊನೆಯಲ್ಲಿ, ಜಿನನಾಥಪುರದ ಬಸದಿಯ ಕೆತ್ತನೆಗಳನ್ನು ನೋಡಿ ಚಿತ್ರ ಬರೆಯಲೆಂದು ಒಬ್ಬ ವಿದೇಶಿ ಹೆಂಗಸು ಸೈಕಲ್ಲಿನಲ್ಲಿ ಬಂದಿದ್ದರು. ಕುಳ್ಳಗಿನ ಆಳು, ಅರ್ಧ ನರೆತ ಕೂದಲು. ಅಲ್ಲಿ ಅವರಿಗೆ ಕಾಮಾಲೆ ಹತ್ತಿತು. ಹೈಸ್ಕೂಲು ಮೇಷ್ಟ್ರಾಗಿದ್ದ ಅಪ್ಪನಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿದ್ದುದರಿಂದ ಯಾರೋ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟರು. ಅಮ್ಮ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟಳು, ಗಂಜಿ ಕುಡಿಸಿದಳು. ಕಣ್ಣಿನ ಹಳದಿ ಇಳಿದ ಮೇಲೂ ಸೈಕಲ್ ತುಳಿಯುವ ಶಕ್ತಿ ಅವರಿಗೆ ಬರಲಿಲ್ಲ.

ಹೊರಡುವ ದಿನ ಅವರು ಅಕ್ಕನನ್ನು ಕರೆದು, ತಮ್ಮ ಸೈಕಲ್ ಎತ್ತು ಎಂದು ಕೈಸನ್ನೆ ಮಾಡಿದರು. ಅಕ್ಕ ಒಂದು ಕೈಯಲ್ಲಿ ಊರುಗೋಲು ಊರಿ ಇನ್ನೊಂದು ಕೈಯಲ್ಲಿ ಎತ್ತಿದಳು. ಸೈಕಲ್ ಮೇಲೆ ಬಂತು. ಅದನ್ನು ಇಳಿಸಿ ಮತ್ತೆ ಎತ್ತಿದಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು. ಆ ನಗು ನಾನು ಅದುವರೆಗೆ ಕಂಡಿದ್ದಲ್ಲ. "ಟೈಟಾನಿಯಂ ಅಂತೆ," ಎಂದರು ಅಪ್ಪ. "ವಿಮಾನಕ್ಕೆ ಹಾಕೋ ಲೋಹವಂತೆ. ತುಕ್ಕು ಹಿಡಿಯಲ್ವಂತೆ, ಬಣ್ಣಾನೂ ಬೇಡ್ವಂತೆ. ಓಡಿಸೋರಿಗಿಂತ ಅದೇ ಜಾಸ್ತಿ ದಿನ ಬಾಳುತ್ತಂತೆ."

ಸೈಕಲ್ಲನ್ನು ಅಕ್ಕನಿಗೇ ಕೊಟ್ಟು ಅವರು ಬಸ್ಸು ಹತ್ತಿದರು. ಬೂದಿ ಬಣ್ಣದ ಅದನ್ನು ಅಕ್ಕ ನೆಲಕ್ಕೆ ಮಲಗಿಸಿ, ಬಾರಿನ ಆಚೆ ಕಾಲಿಟ್ಟು, ತನ್ನ ಕಡೆಗೆ ಎಳೆದುಕೊಂಡು ನಿಲ್ಲಿಸುತ್ತಿದ್ದಳು. ಸೊರಗಿದ ಪಾದವನ್ನು ಪೆಡಲಿಗೆ ಪಟ್ಟಿಯಿಂದ ಬಿಗಿಯುತ್ತಿದ್ದಳು. ಒಳ್ಳೆಯ ಪಾದವನ್ನು ಇನ್ನೊಂದು ಪೆಡಲಿನ ಪಟ್ಟಿಯೊಳಗೆ ತೂರಿಸುತ್ತಿದ್ದಳು. ಆ ಕಾಲೇ ಒತ್ತಬೇಕು, ಅದೇ ಎಳೆಯಬೇಕು. ಏರು ಬಂದರೆ ಗೇರು ಇತ್ತು. "ಅಪ್ಪನ ಸೈಕಲ್ಲಲ್ಲಿ ಗುಂಡಿ ಬಂದ್ರೆ ಸೊಂಟಕ್ಕೇ ಏಟು. ಇದ್ರಲ್ಲಿ ಎಲ್ಲಾ ಫ್ರೇಮೇ ನುಂಗ್ಬುಡುತ್ತೆ ಕಣೇ," ಎನ್ನುತ್ತಿದ್ದಳು.

ಆ ಸೈಕಲ್ಲನ್ನೇ ನಂಬಿ ಅವಳು ಟೀಚರ್ ಕೆಲಸಕ್ಕೆ ಸೇರಿದಳು. ಹೊಳೆನರಸೀಪುರದಿಂದ ಅರಕಲಗೂಡು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ಒಂದು ಹಳ್ಳಿ. ಅಲ್ಲಿನ ಖಾಸಗಿ ಶಾಲೆ. ತಿರುವಿನಿಂದಾಚೆಗೆ ಬಸ್ಸಿಲ್ಲ. ಹೊಳೆನರಸೀಪುರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನವೂ ಒಬ್ಬಳೇ ಹೋಗಿ ಬರುತ್ತಿದ್ದಳು. ನಾನು ಹಾಸನದಲ್ಲಿ ಕಾಲೇಜು ಸೇರಿದೆ. ನಾವಿಬ್ಬರೂ ಮೊದಲ ಸಲ ಬೇರೆ ಬೇರೆ ಇದ್ದೆವು.

ಕಷ್ಟಗಳೂ ಇದ್ದವು. ಅದರ ಟ್ಯೂಬು, ಚೈನು ಯಾವುದೂ ನಮ್ಮ ಕಡೆ ಸಿಗುತ್ತಿರಲಿಲ್ಲ. ಹೊಳೆನರಸೀಪುರದ ಸೈಕಲ್ ಶಾಪಿನವನು ಒಂದೇ ಸಲ ಮುಟ್ಟಿ ನೋಡಿ ಕೈ ಮುಗಿದುಬಿಟ್ಟಿದ್ದ. "ಇದ್ರ ತಂಟೆಗೆ ನಾನ್ ಬರಾಕಿಲ್ಲ ಕಣವ್ವಾ. ನಮ್ ಪಾನಾ ಇದ್ರ ಒಂದ್ ನಟ್ಟಿಗೂ ಕೂರಾಕಿಲ್ಲ."

ಅಕ್ಕನೇ ಟ್ಯೂಬಿಗೆ ತೇಪೆ ಹಾಕಿಕೊಂಡು, ಚೈನಿಗೆ ಎಣ್ಣೆ ಬಿಟ್ಟುಕೊಂಡು ಕೆಲವು ವರ್ಷ ನಡೆಸಿದಳು. ಆಮೇಲೆ ಒಂದು ಮಳೆಗಾಲದಲ್ಲಿ ತುಳಿದಾಗಲೆಲ್ಲ ಸೈಕಲ್ಲಿನಿಂದ ಟಿಕ್ ಟಿಕ್ ಎಂದು ಸದ್ದು ಬರತೊಡಗಿತು. ಅಕ್ಕ ಎಣ್ಣೆ ಬಿಟ್ಟಳು. ಸದ್ದು ನಿಲ್ಲಲಿಲ್ಲ. ಒಂದು ಭಾನುವಾರ ತಲೆಕೆಳಗೆ ಮಾಡಿ ಒರೆಸುವಾಗ, ಪೆಡಲಿನ ಅಚ್ಚು ಕೂರುವ ಕಡೆ, ಹಿಂದಿನ ಚಕ್ರಕ್ಕೆ ಹೋಗುವ ಕೊಳವೆಯ ಬೆಸುಗೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಚಿಕ್ಕಮ್ಮನ ಮನೆಯಿಂದ ನನಗೆ ಫೋನ್ ಮಾಡಿದಳು. ಅವಳ ದನಿ ಕೇಳಿ ಮನೆಯಲ್ಲಿ ಯಾರೋ ಹೋಗಿಬಿಟ್ಟರು ಎಂದುಕೊಂಡೆ.

ಮರುದಿನವೇ ನಾನು ಅವಳಲ್ಲಿಗೆ ಹೋದೆ. ಮೊದಲು ಅರಕಲಗೂಡಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವನ ಹತ್ತಿರ ಒಯ್ದೆವು. ಅವನು ಆಯಸ್ಕಾಂತ ಹಿಡಿದ, ಅರದಿಂದ ಉಜ್ಜಿದ. "ಇದು ಕಬ್ಬಿಣ ಅಲ್ಲ ಕಣಕ್ಕಾ. ನಾನ್ ಬೆಂಕಿ ಇಟ್ರೆ ಇರೋದೂ ಓಗ್ಬುಡ್ತದೆ," ಎಂದ. ಅಲ್ಲಿಂದ ಬಸ್ಸಿನ ಮೇಲೆ ಹಾಕಿಕೊಂಡು ಹಾಸನಕ್ಕೆ ಹೋದೆವು. ಬೀದಿ ಬೀದಿ ಕೇಳಿಕೊಂಡು ಅಲೆದೆವು. ಆ ವಿದೇಶಿ ಹೆಂಗಸು ಕೊಟ್ಟಿದ್ದ ನಂಬರಿಗೆ ಬೂತಿನಿಂದ ಫೋನ್ ಮಾಡಿದೆವು. ಯಾರೋ ಗಂಡಸು ಅರ್ಥವಾಗದ ಭಾಷೆಯಲ್ಲಿ ಏನೋ ಹೇಳಿ ಇಟ್ಟುಬಿಟ್ಟ. ಅಕ್ಕ ಮತ್ತೆ ಮಾಡು ಎಂದಳು. ಮತ್ತೆ ಅವನೇ.

ಕೊನೆಗೆ ಸ್ಟೀಲ್ ಪೈಪುಗಳಿಗೆ ಆರ್ಗಾನ್ ಗ್ಯಾಸಿನಲ್ಲಿ ಬೆಸುಗೆ ಹಾಕುವ ಒಬ್ಬ ಸಿಕ್ಕಿದ. ಟೈಟಾನಿಯಂ ಎಂದ ಕೂಡಲೇ ಹಿಂಜರಿದ. "ಕೇಳಿದೀನಿ ಅಷ್ಟೇ, ಯಾವತ್ತೂ ಮಾಡಿಲ್ಲ. ಕಾದಾಗ ಅದಕ್ಕೆ ಒಳಗೂ ಹೊರಗೂ ಗಾಳಿ ಸೋಕ್ಬಾರ್ದಂತೆ. ಸೋಕಿದ್ರೆ ಗಾಜಿನ ಥರ ಆಗೋಗ್ತದಂತೆ. ನನ್ ಹತ್ರ ಅಂಥ ಏರ್ಪಾಡಿಲ್ಲ. ಬೆಂಗಳೂರಲ್ಲೂ ಸಿಗೋದು ಅನುಮಾನ."

"ಹಾಕಿ," ಎಂದಳು ಅಕ್ಕ.

"ನಿಲ್ಲುತ್ತೆ ಅಂತ ಮಾತು ಕೊಡಾಕಾಗಲ್ಲ, ಅಕ್ಕಾವ್ರೆ."

"ನಾಳೆ ನಾನು ಶಾಲೆಗೆ ಹೋಗ್ಬೇಕು. ಹಾಕಿ."

ಅವನು ಹಾಕಿದ. ಬೆಸುಗೆ ಆರುತ್ತಿದ್ದಂತೆ ನೀಲಿಯಾಗಿ, ಆಮೇಲೆ ಸುಣ್ಣದಂತೆ ಬೆಳ್ಳಗಾಯಿತು. ಅವನ ಮುಖವೂ ಸಪ್ಪಗಾಯಿತು. "ಬಣ್ಣ ಸರಿಗಿಲ್ಲ, ಗಾಳಿ ಸೋಕ್ಬಿಟ್ಟಿದೆ. ಓಡಿಸ್ಬೇಡಿ," ಎಂದ. ಕೂಲಿ ಕೊಡಲು ಹೋದರೆ ಬೇಡ ಎಂದುಬಿಟ್ಟ.

ಅಕ್ಕ ಓಡಿಸಿದಳು. ಬೇರೆ ಏನು ಮಾಡಬಹುದಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ವಾರ ಕಳೆಯುವುದರೊಳಗೆ, ಶಾಲೆಯ ದಾರಿಯ ಇಳಿಜಾರಿನಲ್ಲಿ ಫ್ರೇಮು ಎರಡಾಯಿತು. ಪಾದ ಪೆಡಲಿಗೆ ಕಟ್ಟಿದ್ದರಿಂದ ಬಿಡಿಸಿಕೊಳ್ಳಲಾಗದೆ ಸೈಕಲ್ ಸಮೇತ ಬಿದ್ದಳು. ಮುಂಗೈ ಮುರಿಯಿತು. ರಾಗಿ ಹೊಲದಲ್ಲಿದ್ದವರು ಓಡಿಬಂದು ಪಟ್ಟಿ ಕುಯ್ದು ಬಿಡಿಸಿದರು.

ಮುರಿದದ್ದು ಊರುಗೋಲು ಹಿಡಿಯುವ ಕೈ. ಅವಳನ್ನು ಚನ್ನರಾಯಪಟ್ಟಣಕ್ಕೆ ಕರೆತಂದೆವು. ಬಚ್ಚಲಿಗೆ ಹೋಗಲೂ ಅಮ್ಮನೋ ನಾನೋ ಎತ್ತಬೇಕಾಯಿತು. ಶಾಲೆಯವರು ಸ್ವಲ್ಪ ದಿನ ಕಾದು ಬೇರೊಬ್ಬರನ್ನು ತೆಗೆದುಕೊಂಡರು. ಮುರಿದ ಫ್ರೇಮನ್ನು ಗುಜರಿಯವನು ಬೆರಳಲ್ಲಿ ತಟ್ಟಿ, "ಕಬ್ಬಿಣ ಅಲ್ಲ, ಹಿತ್ತಾಳೆ ಅಲ್ಲ, ಏನಂತ ತಗಳ್ಳಿ?" ಎಂದು ಬಿಟ್ಟುಹೋದ.

ಕೈ ಸೊಟ್ಟಗೆ ಕೂಡಿಕೊಂಡ ಮೇಲೆ ಅಪ್ಪ ಒಂದು ಲೇಡೀಸ್ ಸೈಕಲ್ ತಂದರು. ಅಕ್ಕ ಅದನ್ನು ಅಂಗಳದಲ್ಲಿ ಮಲಗಿಸಿ, ಕಾಲಿಟ್ಟು, ಎಳೆದಳು. ಅದು ಸ್ವಲ್ಪ ಎದ್ದು ಬಿತ್ತು. ಮತ್ತೆ ಎಳೆದಳು. ನಾನು ಹತ್ತಿರ ಹೋದರೆ, "ಮುಟ್ಬೇಡ!" ಎಂದು ಕಿರುಚಿದಳು. ಅಮ್ಮ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ಎಳೆಯುತ್ತಲೇ ಇದ್ದಳು, ಕೈ ಊದಿಕೊಳ್ಳುವವರೆಗೆ. ಆಮೇಲೆ ಸೈಕಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಆಯಮ್ಮ ಅದನ್ನ ಕೊಡ್ದೇ ಹೋಗಿದ್ರೆ ಚೆನ್ನಾಗಿತ್ತು ಕಣೇ," ಎಂದಳು. "ಮೊದ್ಲಾದ್ರೆ ನಂಗೆ ಗೊತ್ತೇ ಇರ್ಲಿಲ್ಲ."

ನಾನು ಸೈಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿದೆ.

ಎರಡು ವರ್ಷ ಅವಳು ಜಗಲಿಯಲ್ಲಿ ಮಕ್ಕಳಿಗೆ ಪಾಠ ಹೇಳಿದಳು. ಬೀದಿಗೆ ಇಳಿಯುತ್ತಿರಲಿಲ್ಲ. ಮದುವೆಗೆ, ತಿಥಿಗೆ ಕರೆದರೂ ಒಲ್ಲೆ ಎನ್ನುತ್ತಿದ್ದಳು. ಕೊನೆಗೆ ಹಿಂದೆ ಎರಡು ಚಕ್ರ ಕೂಡಿಸಿದ ಸ್ಕೂಟರ್ ಬಂತು. ನುಗ್ಗೇಹಳ್ಳಿಯ ಕಡೆ ಒಂದು ಶಾಲೆಯಲ್ಲಿ ಮತ್ತೆ ಕೆಲಸ ಸಿಕ್ಕಿತು. ಆ ಸ್ಕೂಟರ್ ಸಾಕಿದ ಎಮ್ಮೆಯಷ್ಟು ಭಾರ. ಕೆಟ್ಟರೆ ಅವಳು ಒಂದಡಿಯೂ ತಳ್ಳಲಾರಳು.

ಒಂದು ಮಧ್ಯಾಹ್ನ ಹಾಗೇ ಆಯಿತು. ಅವಳ ಹತ್ತಿರ ಆಗ ಮೊಬೈಲ್ ಇತ್ತು. ಹಾಸನದಲ್ಲೇ ಕೆಲಸಕ್ಕಿದ್ದ ನಾನು ಫೋನ್ ಬಂದ ಕೂಡಲೇ ಹೊರಟೆ. ಹೋಗಿ ನೋಡಿದರೆ ನೆರಳಿಲ್ಲದ ರಸ್ತೆಯಲ್ಲಿ, ಸೀಟಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ದಾರಿಹೋಕರು ತಳ್ಳುತ್ತೇವೆಂದು ಬಂದಿದ್ದರಂತೆ, ಬೇಡ ಎಂದಳಂತೆ.

"ಬಿಸ್ಲಲ್ಲಿ ಇಷ್ಟೊತ್ತು ಯಾಕೆ ಕೂತಿದ್ದೆ? ತಳ್ಳಿಸ್ಕೊಂಡು ಬರ್ಬಾರ್ದಾಗಿತ್ತಾ?" ಎಂದೆ.

ಅಕ್ಕ ಮುಖ ಒರೆಸಿಕೊಂಡಳು. "ನೀರ್ ತಂದಿದೀಯಾ?" ಎಂದಳು. ನಾನು ತಂದಿರಲಿಲ್ಲ.