ಬಿಸಿ ಮುದ್ದೆಗೆ ಬೆರೆಸಿದ ಲಸಿಕೆ

ದೇವೀರಮ್ಮ, ನಿಮ್ಮ ಊರಿನ ಕೋಳಿಗಳು ಸತ್ತದ್ದು ನನ್ನ ತಪ್ಪಿನಿಂದ. ನಿಮ್ಮ ತಪ್ಪಿನಿಂದಲ್ಲ. ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು — ನಾಚಿಕೆಯಾಗುತ್ತದೆ.

ಅಂತರಸಂತೆಯ ಆಚೆಗಿನ ನಿಮ್ಮ ಹಳ್ಳಿಗೆ ನಾನು ಬಂದದ್ದು ಕೋಳಿಗಳಿಗೆ ಬರುವ ಕೊಕ್ಕರೆ ರೋಗಕ್ಕೆ ನಮ್ಮ ಲ್ಯಾಬ್ ಮಾಡಿದ ಹೊಸ ಲಸಿಕೆ ಹಿಡಿದುಕೊಂಡು. ಸೂಜಿ ಬೇಡ, ಪುಡಿ ತಿನ್ನಿಸಿದರೆ ಸಾಕು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣಗಳ ಒಳಗೆ ಲಸಿಕೆ ಇರುತ್ತದೆ. ಹೊಟ್ಟೆಯಲ್ಲಿ ಕೆಡದಂತೆ ಅದನ್ನು ಕರುಳಿಗೆ ಮುಟ್ಟಿಸುವುದು ಆ ಕಣಗಳ ಕೆಲಸ. ಪ್ರಯೋಗ ಅಂದಾಗ ಯಾರೂ ಒಪ್ಪಲಿಲ್ಲ. ನೀವೇ ಮನೆಮನೆಗೆ ಹೋಗಿ, "ಕೆ.ಆರ್. ನಗರದ ಕಡೆ ಹುಡುಗಿ ಕಣ್ರವ್ವಾ, ಮೋಸ ಮಾಡಕ್ಕಿಲ್ಲ ಬುಡ್ರಿ" ಅಂದಿರಿ.

ಹೇಗೆ ತಿನ್ನಿಸಬೇಕೆಂದು ಚೀಟಿ ಬರೆದವಳು ನಾನು: 'ಪುಡಿಯನ್ನು ಮುದ್ದೆಗೆ ಬೆರೆಸಿ ಕೋಳಿಗೆ ಹಾಕಿ.' ಆರಿದ ಮುದ್ದೆ ಎಂದು ಬರೆಯಲಿಲ್ಲ. ಮುದ್ದೆ ತಿಂದೇ ಬೆಳೆದವಳು, ನಮ್ಮಲ್ಲಿ ಮುದ್ದೆ ಎಂದರೆ ಕೈ ಸುಡುವ ಮುದ್ದೆ ಎಂದು ಗೊತ್ತಿದ್ದವಳು — ಆದರೂ.

ಎರಡನೇ ಸಲ ಪುಡಿ ಕೊಡುವ ದಿನ ನಿಮ್ಮ ಒಲೆಯ ಪಕ್ಕ ನಿಂತಿದ್ದೆ. ಆಗತಾನೆ ಇಳಿಸಿದ ಮುದ್ದೆಗೆ ಪುಡಿ ಹಾಕಿ ನಾದಿದಿರಿ. ಉಳಿದವರಿಗೂ ಹಾಗೇ ಕಲಿಸಿದ್ದೀನಿ ಎಂದಿರಿ. ಆ ಬಿಸಿಗೆ ಕಣಗಳು ಮೆತ್ತಗಾಗಿ ಒಡೆಯುತ್ತವೆ, ಒಳಗಿನ ಲಸಿಕೆ ಕೆಡುತ್ತದೆ. ನನಗೆ ಗೊತ್ತಿತ್ತು. ಬಾಯಿ ಬಿಟ್ಟರೆ ಇಡೀ ಪ್ರಯೋಗ ಮೊದಲಿಂದ ಮಾಡಬೇಕು, ಲ್ಯಾಬಿನಲ್ಲಿ ನನ್ನ ಚೀಟಿಯ ತಪ್ಪಿನ ಮಾತು ಬರುತ್ತದೆ... ನೀವು ಕೊಟ್ಟ ಕಾಫಿ ಕುಡಿದು, 'ಸರಿಯಾಗಿ ತಿನ್ನಿಸಲಾಗಿದೆ' ಎಂದು ಬರೆದುಕೊಂಡೆ.

ಬೇಸಿಗೆಯಲ್ಲಿ ರೋಗ ಬಂತು. ಕತ್ತು ತಿರುಚಿಕೊಂಡು ಮನೆಮನೆಯಲ್ಲೂ ಕೋಳಿಗಳು ಬಿದ್ದವು. ನಿಮ್ಮ ಅಂಗಳದಲ್ಲಿ ಸೇರಿದ ಹೆಂಗಸರ ಎದುರು ನಾನು ಹೇಳಿದೆ — "ಲಸಿಕೆ ಚೆನ್ನಾಗೇ ಇತ್ತು. ತಿನ್ನಿಸೋದ್ರಲ್ಲಿ ದೇವೀರಮ್ಮನೇ ಎಡವಟ್ಟು ಮಾಡಿದ್ದಾರೆ."

ನೀವು ಕೂಗಾಡಲಿಲ್ಲ. "ಅವತ್ತು ನೀವೂ ನಿಂತ್ಕಂಡು ನೋಡ್ತಿದ್ರಲ್ಲವ್ವಾ?" ಅಂದಿರಿ, ಅಷ್ಟೇ. ಬಸ್ಸಿಗೆ ಹೊತ್ತಾಯಿತು ಎಂದು ನಾನು ಹೊರಟುಬಿಟ್ಟೆ.

ಆಮೇಲೆ ಊರಿನವರೆಲ್ಲ ನೆಂಟರ ಮನೆಯಿಂದ ಮೊಟ್ಟೆ ತಂದು ಮತ್ತೆ ಕೋಳಿ ಮಾಡಿಕೊಂಡರಂತೆ. ನಿಮಗೆ ಮಾತ್ರ ಕಾವಿಗೆ ಇಡಲು ಒಬ್ಬರೂ ಒಂದು ಮೊಟ್ಟೆ ಕೊಡಲಿಲ್ಲವಂತೆ. ಇದನ್ನು ಕೇಳಿದ ಮೇಲೂ ನಾನು ಸುಮ್ಮನಿದ್ದೆ.

ಲ್ಯಾಬಿಗೆ ನಿಜ ಬರೆದು ಕಳಿಸಿದ್ದೇನೆ. ಈ ಭಾನುವಾರ ಬರುತ್ತೇನೆ, ಆ ಹೆಂಗಸರ ಎದುರಿಗೇ ಹೇಳುತ್ತೇನೆ. ನೀವು ಬಾಗಿಲು ತೆಗೆಯದಿದ್ದರೂ ಹೇಳಿಯೇ ಹೋಗುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ — ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.