ಎತ್ತು ನೋಡುವ ಕಣ್ಣಿನಲ್ಲಿ ಕಾರು ನೋಡಿದ್ದು

ನೀವು ನಂಬುವುದಿಲ್ಲ, ಬೇಕಾದರೆ ಪಂದ್ಯ ಕಟ್ಟಿ: ತಾಳವಾಡಿ ಸುತ್ತಮುತ್ತ ಹಳೆಯ ಕಾರಿನ ವಯಸ್ಸನ್ನು ಬಾಗಿಲು ಮುಚ್ಚುವ ಸದ್ದಿನಲ್ಲೇ ಹೇಳಬಲ್ಲವನು ನಾನೊಬ್ಬನೇ. ನನಗೆ ಕಾರು ಓಡಿಸಲು ಬರುವುದಿಲ್ಲ, ಅದು ಬೇರೆ ಮಾತು. ಎತ್ತಿನ ಹಲ್ಲು ನೋಡುವವನು ನೊಗಕ್ಕೆ ತಾನೇ ಹೆಗಲು ಕೊಡಬೇಕೆಂದೇನೂ ಇಲ್ಲವಲ್ಲ.

ಈ ವಿದ್ಯೆ ಬಂದದ್ದು ದನದ ವ್ಯಾಪಾರದಿಂದ. ಪ್ರಾಯದಲ್ಲಿ ನಾನು ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ನಾಲ್ಕು ವರ್ಷ ಇಳಿಸಿ ಮಾರಿದವನು. ಕಾರು ಮಾರುವವನೂ ಅದನ್ನೇ ಮಾಡುತ್ತಾನೆ, ಎಣ್ಣೆಯ ಬದಲು ಪಾಲಿಶ್. ಹಾಗಾಗಿ ಹೊಳಪು ಕಂಡ ಕಡೆ ನಾನು ಮೊದಲು ಉಗುರಿನಿಂದ ಕೆರೆಯುತ್ತೇನೆ.

ತೊಂಬತ್ತನಾಲ್ಕರ ಸುಮಾರಿಗೆ ದೊಡ್ಡಗಾಜನೂರಿನ ನಮ್ಮ ಭಾವ ಮಾದಪ್ಪ ಹಳೆಯ ಕಾರು ಕೊಳ್ಳಲು ಹೊರಟ. ಶೋಕಿಗಲ್ಲ. ಮಗಳು ನಾಗಮಣಿ ಚೊಚ್ಚಲ ಬಸುರಿ, ಎಂಟು ತಿಂಗಳು. ಮಗು ಅಡ್ಡ ಮಲಗಿದೆ, ನೋವು ಕಂಡ ಕೂಡಲೇ ಸತ್ಯಮಂಗಲಕ್ಕೆ ಕರೆತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ನೋವು ಬಸ್ಸಿನ ಟೈಮು ಕೇಳಿಕೊಂಡು ಬರುತ್ತದೆಯೇ? ದಾರಿಯಲ್ಲಿ ದಿಂಬಂ ಘಾಟಿ, ಅಲ್ಲಿಂದ ಕೆಳಕ್ಕೆ ಇಪ್ಪತ್ತೇಳು ತಿರುವು ಬೇರೆ.

ಬ್ರೋಕರ್ ಸಿದ್ದಣ್ಣನ ಅಂಗಳಕ್ಕೆ ನಾವು ಹೋದಾಗ ಇನ್ನೂ ಮಂಜು ಬಿಟ್ಟಿರಲಿಲ್ಲ. ಕಾರು ರಸ್ತೆಗೆ ಮೂತಿಯಿಟ್ಟು ನಿಂತಿತ್ತು. ಬಾನೆಟ್ ಮೇಲೆ ಕೈಯಿಟ್ಟೆ, ಬೆಚ್ಚಗಿತ್ತು.

"ಏನ್ಲಾ ಸಿದ್ದ, ಮೊದ್ಲೇ ಎಬ್ಬುಸ್ಬುಟ್ಟಿದ್ದೀಯ?"

"ಬಿಸ್ಲು ಕಣಣ್ಣ."

"ಯಾವ ಬಿಸ್ಲು ಕಣ್ಲಾ, ನಿನ್ ಮೊಕನೇ ಸರ್ಯಾಗಿ ಕಾಣಕಿಲ್ಲ."

ತಣ್ಣಗಿರುವ ಇಂಜಿನ್ ಮಾತ್ರ ನಿಜ ಹೇಳುತ್ತದೆ. ಅದು ಆರುವ ತನಕ ಜಗಲಿಯ ಮೇಲೆ ಕೂತಿದ್ದು, ಆಮೇಲೆ ಸ್ಟಾರ್ಟ್ ಮಾಡಿಸಿದೆ. ಹೊಗೆ ನೀಲಿಯಾಗಿ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತದೆ ಎಂದರ್ಥ. ಇದಕ್ಕೆ ಆ ಚಟ ಇರಲಿಲ್ಲ. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹುಡುಕಿದೆ. ಟೈರು ಒಂದೇ ಮಗ್ಗುಲು ಸವೆದಿದೆಯೇ, ಬ್ರೇಕು ತುಳಿದರೆ ಕಾಲು ತಳ ಮುಟ್ಟುತ್ತದೆಯೇ, ಆರ್.ಸಿ. ಪುಸ್ತಕದ ನಂಬರೂ ಇಂಜಿನ್ ಮೇಲಿನ ನಂಬರೂ ಒಂದೇನಾ, ಎಲ್ಲ ನೋಡಿದೆ. ಹೊಸ ಎತ್ತನ್ನು ನಡೆಸಿ ನೋಡುವ ಹಾಗೆ ಸಿದ್ದಣ್ಣನ ಕೈಲಿ ದಿಂಬಂವರೆಗೆ ಓಡಿಸಿಯೂ ನೋಡಿದೆವು. ಸೀಟು ಹೊಂದುತ್ತದೋ ಇಲ್ಲವೋ ಎಂದು ನಾಗಮಣಿಯೂ ಹಿಂದೆ ಕೂತಿದ್ದಳು.

ದಿಂಬಂನ ಟೀ ಅಂಗಡಿ ಮುಂದೆ ಮಾದಪ್ಪ ಮಾತು ಮುಗಿಸಲು ವೀಳ್ಯದೆಲೆ ಕೈಗೆ ತೆಗೆದ. ನಾನು ತಡೆದೆ.

"ತಾಳು ಬಾವ. ಸಿದ್ದ, ಒಂದ್ಸಾರಿ ಇಂದಕ್ ಬುಡು."

"ಇಂದಕ್ ಯಾಕಣ್ಣ? ಆಸ್ಪತ್ರೆ ಮುಂದ್ಗಡೆ ತಾನೆ ಇರಾದು?"

"ಬುಡ್ಲಾ."

ಗೇರು ಕಿರುಗುಟ್ಟಿತು, ಕಾರು ಕದಲಲಿಲ್ಲ. ರಿವರ್ಸ್ ಗೇರು ಸತ್ತು ಎಷ್ಟು ಕಾಲವಾಗಿತ್ತೋ. ಸಿದ್ದಣ್ಣ ಎಲ್ಲಿ ನಿಲ್ಲಿಸಿದರೂ ರಸ್ತೆಗೆ ಮೂತಿಯಿಟ್ಟೇ ನಿಲ್ಲಿಸುತ್ತಿದ್ದುದು ಅದಕ್ಕೇ. ದನ ಬಲ್ಲವರು ಮಾಡುವ ತಪ್ಪು ಇದು. ಎತ್ತನ್ನು ಹಿಂದಕ್ಕೆ ನಡೆಸಿ ನೋಡಿ ಕೊಂಡವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಘಾಟಿಯ ತಿರುವಿನಲ್ಲಿ ಬಿದಿರು ತುಂಬಿದ ಲಾರಿ ಎದುರಾದರೆ ಹಿಂದೆ ಸರಿಯದೆ ಗತಿಯಿಲ್ಲ.

ಗೇರ್ ಬಾಕ್ಸ್ ಬಿಚ್ಚಿಸಿ, ಸರಿಮಾಡಿಸಿದ ಮೇಲೆಯೇ ಕೊಂಡದ್ದು. ಇಪ್ಪತ್ತು ದಿನಕ್ಕೆ ನೋವು ಕಾಣಿಸಿಕೊಂಡಿತು. ಒಂಬತ್ತನೇ ತಿರುವಿನಲ್ಲಿ ಲಾರಿಯೂ ಎದುರಾಯಿತು. ಕಾರು ಎರಡು ಸಲ ಹಿಂದಕ್ಕೆ ಸರಿದು ದಾರಿ ಮಾಡಿಕೊಂಡಿತು. ಆಪರೇಷನ್ ಆಗಿ ಹೆಣ್ಣು ಮಗು, ತಾಯಿಯೂ ಕ್ಷೇಮ.

ಹಳೆಯ ಕಾರು ನೋಡಲು ಹೋಗುವಾಗ ಬಲ್ಲವರನ್ನು ಕರೆದೊಯ್ಯಿರಿ, ಬೇಡವೆನ್ನುವುದಿಲ್ಲ. ಜೊತೆಗೆ ಅದರಲ್ಲಿ ಹೋಗಲೇಬೇಕಾದವರನ್ನೂ ಕರೆದೊಯ್ಯಿರಿ. ಯಾಕೆಂದರೆ ಇಷ್ಟೂ ಕಥೆಯಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು: ದಿಂಬಂನಲ್ಲಿ ಹಿಂದಕ್ಕೆ ಬಿಡು ಅಂದವನು ನಾನಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಹಾಗೆ ಕೇಳಿದವಳು ನಾಗಮಣಿ. ನಾನಾಗ ಎರಡನೇ ಟೀ ಕುಡಿಯುತ್ತ, "ಬಂಗಾರ್ದಂತ ಗಾಡಿ ಕಣ್ ಬಾವ, ಕಣ್ಮುಚ್ಕಂಡ್ ತಕೊ" ಅನ್ನುತ್ತಿದ್ದೆ.