ಒಂದು ಬದಿಯ ಸಡಿಲು

ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಜರಡಿ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಮರಳು ತೊಳೆದು, ಒಣಗಿಸಿ, ಜರಡಿ ಹಿಡಿದು, ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಕೊಳವೆಗಳಿಗೆ ತುಂಬುವುದು ಅವಳ ಕೆಲಸ. ಆಲಿಕೆಯನ್ನು ಬಲಗೈಯಲ್ಲಿ ಹಿಡಿದು ಸುತ್ತಲೂ ಒಂದೇ ಹದದಲ್ಲಿ ಸುರಿಯಬೇಕು. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಒಂಚೂರು ಜಂಬವೂ ಇತ್ತು.

ಆ ವರ್ಷ ಲ್ಯಾಬಿಗೆ ಎಕ್ಸ್-ರೇ ಯಂತ್ರ ಬಂತು. ಒಳಗೆ ನಿಲ್ಲಿಸಿದ ಕೊಳವೆ ಮೆಲ್ಲಗೆ ತಿರುಗುತ್ತಿದ್ದಂತೆ ಅದು ಸಾವಿರಾರು ಚಿತ್ರ ತೆಗೆಯುತ್ತಿತ್ತು. ಮರಳಿನ ಯಾವ ಕಣ ಯಾವುದಕ್ಕೆ ಆತುಕೊಂಡಿದೆ, ನಡುವೆ ಎಷ್ಟು ಸಂದಿದೆ ಎಂಬುದೆಲ್ಲ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ನೆಲ ನಡುಗಿದಾಗ ಕಟ್ಟಡದಡಿಯ ಮರಳು ಕುಸಿಯುತ್ತದೋ ಇಲ್ಲವೋ ಎಂಬುದನ್ನು ಆ ಸಂದಿಗಳಿಂದ ಲೆಕ್ಕ ಹಾಕುತ್ತಿದ್ದರು.

ಆದರೆ ಪ್ರತಿ ಕೊಳವೆಯಲ್ಲೂ ಒಂದು ಬದಿ ಸಡಿಲಾಗಿ ಕಂಡಿತು. ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಹುಡುಗಿ ರಿಪೇರಿಯವನನ್ನು ಎರಡು ಸಲ ಕರೆಸಿದಳು. ಏನೂ ಕೆಟ್ಟಿಲ್ಲವೆಂದು ಅವನು ಹೊರಟುಹೋದ. ಮೂರನೆಯ ಸಲ ಅವನ ಮೇಲೆ ಕಂಪನಿಗೆ ಬಿಸಿಬಿಸಿಯಾಗಿ ದೂರಿನ ಪತ್ರ ಬರೆಯಲು ಕೂತಳು.

ತಪ್ಪು ಯಂತ್ರದ್ದಲ್ಲ ಎಂದು ಜರಡಿ ಅಕ್ಕನಿಗೆ ಹೊಳೆಯಿತು. ಮೂರು ತಿಂಗಳಿಂದ ಅವಳ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು. ದರ್ಜಿ ಗಂಡನಿಗೆ ಸೂಜಿ ಪೋಣಿಸಿಕೊಡಲಾಗದೆ, ಕಣ್ಣು ಮಂಜಾಗಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿದ್ದಳು. ತನ್ನಿಂದಾಗಿ ಆ ರಿಪೇರಿಯವನು ಬೈಸಿಕೊಳ್ಳುವುದು ಅವಳಿಗೆ ಸರಿಕಾಣಲಿಲ್ಲ.

"ಯಂತ್ರಾನ ಬೈಬೇಡಮ್ಮ," ಎಂದಳು. "ಕೆಟ್ಟಿರೋದು ನನ್ನ ಕೈ."

ಹುಡುಗಿ ಪೆನ್ನು ಕೆಳಗಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ಮೊದಲೇ ಹೇಳಬಾರದಿತ್ತಾ ಅಕ್ಕ?"

"ಹೇಳಿದ್ರೆ ಮೂಲೇಲಿ ಕೂರಿಸ್ತೀರ ಅಂದ್ಕೊಂಡೆ."

ಮಾರನೆಯ ದಿನ ಹುಡುಗಿಯೇ ಆಸ್ಪತ್ರೆಗೆ ಕರೆದೊಯ್ದಳು. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ, ಸಣ್ಣ ಆಪರೇಷನ್ ಸಾಕು ಎಂದರು ಡಾಕ್ಟರು. ಸುದ್ದಿ ಕೇಳಿ ಗಂಡ ಬಾಯಿಗೆ ಬಂದಂತೆ ಬೈದ. ಆಮೇಲೆ ಹತ್ತು ದಿನ ಅಂಗಡಿ ಮುಚ್ಚಿ ಅಡುಗೆಗೆ ನಿಂತ. ಅವನ ಅಡುಗೆ ತಿನ್ನುವುದಕ್ಕಿಂತ ಆಪರೇಷನ್ನೇ ಸುಲಭವಿತ್ತು ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿ ನಗಿಸಿದಳು.

ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದಾಗ ಹೆಬ್ಬೆರಳ ತುದಿ ಇನ್ನೂ ಮರಗಟ್ಟಿದಂತಿತ್ತು. ಹಾಳಾಗಿದ್ದ ನಲವತ್ತು ಕೊಳವೆಗಳನ್ನೂ ತಾನೇ ಮತ್ತೆ ತುಂಬುತ್ತೇನೆಂದು ಹಟ ಹಿಡಿದು, ಆಲಿಕೆಯನ್ನು ಎಡಗೈಗೆ ತೆಗೆದುಕೊಂಡಳು. ಮೊದಲ ಆರು ಹಿಂದಿನವಕ್ಕಿಂತ ಕೆಟ್ಟದಾಗಿ ಬಂದವು. ಏಳನೆಯದರ ಚಿತ್ರ ನೋಡಿ ಹುಡುಗಿ, ಸುತ್ತಲೂ ಒಂದೇ ಸಮನಾಗಿದೆ ಎಂದು ಖುಷಿಪಟ್ಟಳು.

ಅಕ್ಕ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದಳು. "ತಳದಲ್ಲಿ ಒಂಚೂರು ಜಾಸ್ತಿ ಬಿಗಿಯಾಗಿದೆ," ಎಂದು ಕೊಳವೆಯ ಮರಳನ್ನು ತಟ್ಟೆಗೆ ಸುರಿದಳು.